ಬಂಡಿಯೂ ನಿವ್ವಳ ಬಲವೂ



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು ಸರ್ವವಿದಿತವಾದ ಸಂಗತಿ. ದೊಡ್ಡ ಬಸವಣ್ಣನ ದೇವಾಲಯದ ಸುತ್ತಣ ಬೀದಿಗಳಲ್ಲಿ ಕಾಯಿಯ ರಾಶಿಗಳು ಏಳುತ್ತವೆ. ಜನಸಂದಣಿಯ ನಡುವೆ ಮೂಟೆ ಹೇರಿದ ತಳ್ಳುಬಂಡಿಗಳು ಸಾಗುತ್ತವೆ. ಬಂದವರ ಕಣ್ಣೆಲ್ಲ ಕಾಯಿಯ ಮೇಲೆ. ಬಂಡಿ ತಳ್ಳುವವನ ಕಣ್ಣು ಮಾತ್ರ ದಾರಿಯ ಏರಿಳಿವಿನ ಮೇಲೆ. ಭೌತಶಾಸ್ತ್ರದ ಒಂದು ಮುಖ್ಯ ತತ್ತ್ವವನ್ನು ಪುಸ್ತಕದ ಹಂಗಿಲ್ಲದೆ ಅವನ ತೋಳುಗಳು ಅರಿತಿವೆ.

ಬಂಡಿಯೂ ಮೂಟೆಗಳೂ ಕೂಡಿ 200 ಕಿಲೋಗ್ರಾಂ ಎಂದು ಎಣಿಸಬಹುದು. ನಿಂತಿರುವ ಈ ಬಂಡಿ 4 ಸೆಕೆಂಡುಗಳಲ್ಲಿ ನಡೆಯುವವನ ವೇಗಕ್ಕೆ, ಅಂದರೆ ಸೆಕೆಂಡಿಗೆ 1.2 ಮೀಟರಿಗೆ, ಬರಬೇಕು. ಹಾಗಾದರೆ ಒಂದೊಂದು ಸೆಕೆಂಡಿಗೂ ವೇಗವು 0.3 ಮೀಟರಿನಂತೆ ಹೆಚ್ಚಬೇಕಾಯಿತು. ಇದಕ್ಕೆ ವೇಗೋತ್ಕರ್ಷವೆಂದು ಹೆಸರು. ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ಎರಡನೆಯ ನಿಯಮದ ಪ್ರಕಾರ, ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬೇಕಾದ ನಿವ್ವಳ ಬಲವು ದೊರೆಯುತ್ತದೆ. 200ನ್ನು 0.3ರಿಂದ ಗುಣಿಸಲು ಬಂದದ್ದು 60 ನ್ಯೂಟನ್. ಅಂಗೈಯಲ್ಲಿ ಹಿಡಿದ 100 ಗ್ರಾಂ ಕಡಲೆಕಾಯಿಯ ಭಾರ ಸುಮಾರು 1 ನ್ಯೂಟನ್ ಎಂದರೆ ಈ ಅಳತೆ ಮನಸ್ಸಿಗೆ ಹತ್ತೀತು.

ಆದರೆ 60 ನ್ಯೂಟನ್ನಿನಿಂದ ತಳ್ಳಿದವನ ಬಂಡಿ ಹೊರಡಲಾರದು. ಹೇಗೆಂದರೆ, ನೆಲವೂ ಚಕ್ರಗಳೂ ಒಡ್ಡುವ ತಡೆಯೇ 60 ನ್ಯೂಟನ್ ಇದ್ದಲ್ಲಿ, ತೋಳಿನ ಬಲವೆಲ್ಲ ಅದಕ್ಕೇ ಸರಿಹೋಗಿ ನಿವ್ವಳವು ಸೊನ್ನೆಯಾಗುತ್ತದೆ. ಆದಕಾರಣ 120 ನ್ಯೂಟನ್ ತಳ್ಳಬೇಕು. ಅರ್ಧ ತಡೆಗೆ, ಅರ್ಧ ವೇಗಕ್ಕೆ. ವೇಗ ಬಂದಮೇಲೆ ಮತ್ತೆ 60 ಸಾಕು. ಆಗ ನಿವ್ವಳ ಬಲ ಸೊನ್ನೆ, ಆದರೂ ಬಂಡಿ ಒಂದೇ ಸಮನೆ ನಡೆದೇ ಇರುತ್ತದೆ. ಚಲನೆಯಿದ್ದಲ್ಲೆಲ್ಲ ನಿವ್ವಳ ಬಲವಿರಲೇಬೇಕೆಂದು ಓದಿದವರೂ ಎಡವುವುದು ಇಲ್ಲಿಯೇ. ಅದು ಬೇಕಾಗುವುದು ವೇಗವನ್ನು ಬದಲಿಸಲು, ಇರುವ ವೇಗವನ್ನು ಉಳಿಸಲು ಅಲ್ಲ.

ಇನ್ನು ದಿಣ್ಣೆಯ ಮಾತು. 20 ಮೀಟರು ನಡೆದರೆ 1 ಮೀಟರು ಏರುವ ದಾರಿಯಲ್ಲಿ, ಬಂಡಿಯ 1960 ನ್ಯೂಟನ್ ಭಾರದ ಇಪ್ಪತ್ತರಲ್ಲೊಂದು ಪಾಲು, ಅಂದರೆ 98 ನ್ಯೂಟನ್, ಹಿಂದಕ್ಕೆ ಎಳೆಯುತ್ತದೆ. ಅದೇ ಹೊರಡುವಿಕೆಗೆ ಈಗ 218 ನ್ಯೂಟನ್ ಬೇಕು. ಒಬ್ಬನ ಬಂಡಿಗೆ ಇನ್ನೊಬ್ಬನು ಹೆಗಲು ಕೊಡುವುದು ಇಂತಹ ಕಡೆಯಲ್ಲಿ.

ಏರು ಬೆವರಿಳಿಸಿದರೂ ಅಪಾಯವಿರುವುದು ಇಳಿಜಾರಿನಲ್ಲಿ. ಅಲ್ಲಿ 98 ನ್ಯೂಟನ್ ಮುಂದಕ್ಕೆಳೆಯುತ್ತದೆ. ತಡೆ 60 ಮಾತ್ರ. ಮಿಕ್ಕ 38 ನ್ಯೂಟನ್ ಅಲ್ಪವೆಂದು ಕಂಡೀತು. ಆದರೆ ಯಾರೂ ಹಿಡಿಯದಿದ್ದರೆ ನಡಿಗೆಯ ವೇಗದಲ್ಲಿದ್ದ ಬಂಡಿ 10 ಸೆಕೆಂಡುಗಳಲ್ಲಿ ಸೆಕೆಂಡಿಗೆ 3.1 ಮೀಟರು ವೇಗಕ್ಕೇರಿ, ಮಕ್ಕಳು ಮುದುಕರು ತುಂಬಿದ ಸಂದಣಿಗೆ ನುಗ್ಗುತ್ತದೆ. ನಡಿಗೆಯ ವೇಗದಲ್ಲಿರುವಾಗಲೇ 3 ಸೆಕೆಂಡುಗಳಲ್ಲಿ ನಿಲ್ಲಿಸಲು ಹಿಂದಕ್ಕೆ 80 ನ್ಯೂಟನ್ ನಿವ್ವಳ ಬಲ ಬೇಕು. ಇಳಿಜಾರಿನ 38 ಸೇರಿ ಕೈಗೆ ಬರುವುದು 118. ಮಗುವೊಂದು ಅಡ್ಡಬಂದು 1 ಸೆಕೆಂಡಿನಲ್ಲಿಯೇ ನಿಲ್ಲಿಸಬೇಕಾದರೆ ಅದು 278 ಆಗುತ್ತದೆ. ಅಷ್ಟು ಬಲ ಆ ಕ್ಷಣದಲ್ಲಿ ಒದಗುವುದು ದುರ್ಲಭ. ಆದ್ದರಿಂದಲೇ ಬಲ್ಲವನು ಇಳಿಜಾರು ತೊಡಗುವುದಕ್ಕೆ ಹತ್ತು ಮಾರು ಮುಂಚೆಯೇ ಬಂಡಿಯನ್ನು ನಿಧಾನಿಸಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಹಿಡಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ.