ಮುಚ್ಚಿದ್ದು ಯಾರ ಬಾಯಿ?

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಮತದಾರರ ಸಭೆಯಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ಎದುರು ಪಕ್ಷದ ಅಭ್ಯರ್ಥಿ ಮಾತಿಗೆ ಎದ್ದೊಡನೆ ಕೂಗೆಬ್ಬಿಸಿ ಆತನನ್ನು ಕೂರಿಸುವುದೇ ಪೌರುಷವೆಂದು ಭಾವಿಸುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಶಿಳ್ಳೆ ಹೊಡೆಯುವುದು, ಮೈಕಿನ ತಂತಿ ಕೀಳುವುದು, ಕುರ್ಚಿ ಎತ್ತುವುದು, ಇವು ನಮಗೆ ಹೊಸತಲ್ಲ. ಅಭ್ಯರ್ಥಿಯ ಬಾಯಿ ಮುಚ್ಚಿಸಿದೆವೆಂದು ಅವರು ಬೀಗುತ್ತಾರೆ. ಆದರೆ ಕೇಳಲು ಬಂದು ಬರಿಗೈಯಲ್ಲಿ ಮನೆಗೆ ಮರಳಿದವನು ಮತದಾರ.

ಈ ಭಾಗದ ಜನರಿಗೆ ಇದನ್ನು ದೂರದ ಉದಾಹರಣೆಗಳಿಂದ ವಿವರಿಸಬೇಕಾಗಿಲ್ಲ. 1978ರ ನವೆಂಬರ್‌ನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ನಮ್ಮ ಹಿರಿಯರು ಮತ ಹಾಕಿದ್ದರು. ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಇಂದಿರಾ ಗಾಂಧಿಯವರು ಎಪ್ಪತ್ತು ಸಾವಿರಕ್ಕೂ ಅಧಿಕ ಮತಗಳಿಂದ ಸೋಲಿಸಿದರು. ಮರುತಿಂಗಳೇ, ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ ಅಧಿವೇಶನ ಮುಗಿಯುವ ತನಕ ಸೆರೆಮನೆಗೆ ಕಳುಹಿಸಿತು. ತುರ್ತು ಪರಿಸ್ಥಿತಿಯಲ್ಲಿ ದೇಶದ ಬಾಯಿಗೆ ಬೀಗ ಜಡಿದವರು ಅವರೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಅವರೇ. ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಇರಿಸಿದ್ದು ಅವರ ಸರಕಾರವೇ. ಆದರೆ ಆ ತಪ್ಪಿಗೆ 1977ರಲ್ಲಿ ಮತದಾರನೇ ಶಿಕ್ಷೆ ನೀಡಿಯಾಗಿತ್ತು. ಚಿಕ್ಕಮಗಳೂರಿನ ಮತದಾರ ಯಾವ ತಪ್ಪು ಮಾಡಿದ್ದ? ಬೆರಳಿನ ಶಾಯಿ ಆರುವ ಮುನ್ನವೇ ಆತನ ಪ್ರತಿನಿಧಿಯ ಆಸನ ಬರಿದಾಯಿತು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತೆಂಬುದು ನಿಜ. ಹೋದ ಕಾಲವನ್ನು ಯಾವ ನಿರ್ಣಯವೂ ಹಿಂದಿರುಗಿಸಲಾರದು.

ಇನ್ನೊಂದು ಘಟನೆ ತೀರಾ ಇತ್ತೀಚಿನದು. ಅದನ್ನು ಹೇಳುವಾಗ ನಾಲಗೆ ತಡವರಿಸುತ್ತದೆ. ಕಡೂರು ತಾಲ್ಲೂಕಿನ ಎಸ್.ಎಲ್. ಧರ್ಮೇಗೌಡರು ಒಂದು ಕಾಲಕ್ಕೆ ಬೀರೂರು ಕ್ಷೇತ್ರದ ಶಾಸಕರಾಗಿದ್ದವರು, ಬಳಿಕ ವಿಧಾನ ಪರಿಷತ್ತಿನ ಉಪಸಭಾಪತಿ. 2020ರ ಡಿಸೆಂಬರ್ 15ರಂದು ಸಭಾಪತಿ ಪ್ರತಾಪಚಂದ್ರ ಶೆಟ್ಟಿಯವರ ವಿರುದ್ಧದ ಅವಿಶ್ವಾಸದ ವಿಷಯಕ್ಕಾಗಿ ಪರಿಷತ್ತು ಸೇರಿತ್ತು. ಸಭಾಪತಿ ಒಳಬರುವ ಮೊದಲೇ ಧರ್ಮೇಗೌಡರು ಪೀಠದಲ್ಲಿ ಕುಳಿತರು. ಕಾಂಗ್ರೆಸ್ ಸದಸ್ಯರು ಅವರನ್ನು ಕೈಹಿಡಿದು ಎಳೆದು ಕೆಳಗಿಳಿಸಿದರು. ಇನ್ನೊಂದು ಕಡೆಯವರು ಸಭಾಪತಿ ಒಳಗೆ ಬಾರದಂತೆ ಬಾಗಿಲು ಮುಚ್ಚಿದರು. ಹಿರಿಯರ ಮನೆಯೆಂದು ಕರೆಸಿಕೊಳ್ಳುವ ಸದನವದು! ಒಬ್ಬರನ್ನು ಒಳಬರದಂತೆ ತಡೆದವರೂ ಇನ್ನೊಬ್ಬರನ್ನು ಎಳೆದವರೂ ತಾವೇ ಸಂವಿಧಾನವನ್ನು ಉಳಿಸುತ್ತಿದ್ದೇವೆಂದು ಹೇಳಿಕೊಂಡರು. ಎರಡು ವಾರಗಳ ಬಳಿಕ, ಡಿಸೆಂಬರ್ 29ರಂದು, ಕಡೂರು ತಾಲ್ಲೂಕಿನ ಗುಣಸಾಗರದ ಬಳಿ ರೈಲು ಹಳಿಯ ಮೇಲೆ ಅವರ ಮೃತದೇಹ ಕಂಡುಬಂತು. ಆ ಸಾವಿಗೆ ಕಾರಣ ಹುಡುಕುವ ಅಧಿಕಾರ ನನಗಿಲ್ಲ. ಸದನದಲ್ಲಿ ನಡೆದದ್ದನ್ನು ಮಾತ್ರ ನಾಡಿನ ಮನೆಮನೆಯವರೂ ಟಿವಿಯಲ್ಲಿ ನೋಡಿದ್ದಾರೆ.

ಇದೇ ಪರಿಷತ್ತಿನಲ್ಲಿ 2021ರ ಫೆಬ್ರವರಿ 8ರಂದು ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ರೈತನ ಕೊಟ್ಟಿಗೆಗೂ ಮಾಂಸದ ವ್ಯಾಪಾರಿಯ ಒಲೆಗೂ ಸಂಬಂಧಿಸಿದ ಕಾಯಿದೆ. ಪರವಾಗಿ ಎಷ್ಟು, ವಿರೋಧವಾಗಿ ಎಷ್ಟು ಎಂಬ ಎಣಿಕೆಯೇ ನಡೆಯಲಿಲ್ಲ. ಗದ್ದಲವೆಬ್ಬಿಸಿದವರಿಗೆ ಕಾರಣಗಳಿದ್ದವು, ಅವಸರಪಟ್ಟವರಿಗೂ ಇದ್ದವು. ಒಲೆ ಆರಿದ ಮನೆಗೆ ಮಾತ್ರ ತನ್ನ ಪರವಾಗಿ ಅಂದು ಯಾರು ಏನು ವಾದಿಸಿದರೆಂದು ಸ್ಪಷ್ಟವಾಗಿ ಕೇಳಿಸಲೇ ಇಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 127ನೇ ಕಲಮಿನ ಪ್ರಕಾರ ಚುನಾವಣಾ ಅವಧಿಯ ರಾಜಕೀಯ ಸಭೆಯನ್ನು ಕೆಡಿಸುವುದು ಅಪರಾಧ. ಆರು ತಿಂಗಳ ತನಕ ಸೆರೆ, ಎರಡು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಸಭಾಧ್ಯಕ್ಷರು ಕೋರಿದರೆ ಪೊಲೀಸ್ ಅಧಿಕಾರಿ ಗದ್ದಲ ಮಾಡುವವನ ಹೆಸರು, ವಿಳಾಸ ಕೇಳಬಹುದು. ನಮ್ಮಲ್ಲಿ ಎಷ್ಟು ಅಧ್ಯಕ್ಷರಿಗೆ ಇದು ಗೊತ್ತು? ಹಾರ ಹಾಕಿಸಿಕೊಳ್ಳುವುದಷ್ಟೇ ಅಧ್ಯಕ್ಷರ ಕೆಲಸವೆಂದು ನಾವು ತಿಳಿದಿದ್ದೇವೆ. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲಭೆಯ ಬೆದರಿಕೆಗೆ ಅಂಜಿ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಆ ಸ್ವಾತಂತ್ರ್ಯವನ್ನು ರಕ್ಷಿಸುವುದೇ ಸರಕಾರದ ಹೊಣೆ ಎಂದು ಹೇಳಿತು.

ನಮ್ಮ ಮೊಹಲ್ಲಾಗಳ ಬಗ್ಗೆಯೂ ಒಂದು ಮಾತು. ಜಮಾಅತಿನ ಹಿರಿಯರು ಒಬ್ಬನಿಗೆ ಮಾತು ಕೊಟ್ಟಾಗಿದೆ, ಆದ್ದರಿಂದ ಇನ್ನೊಬ್ಬನು ಬೀದಿಗೆ ಕಾಲಿಡಬಾರದು ಎನ್ನುವುದೂ ಮೈಕಿನ ತಂತಿ ಕಿತ್ತಂತೆಯೇ. ಇಲ್ಲಿ ಶಬ್ದವಾಗುವುದಿಲ್ಲ, ಅಷ್ಟೇ ವ್ಯತ್ಯಾಸ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಕಡೂರಿನವರು ಹಾಸನದ ಸಂಸದರನ್ನೂ, ತರೀಕೆರೆ-ಅಜ್ಜಂಪುರದವರು ಉಡುಪಿ-ಚಿಕ್ಕಮಗಳೂರಿನ ಸಂಸದರನ್ನೂ ಆರಿಸುತ್ತಿದ್ದಾರೆ. ಅಷ್ಟು ದೂರದಿಂದ ಐದು ವರ್ಷಕ್ಕೊಮ್ಮೆ ಬರುವ ಅಭ್ಯರ್ಥಿ ಕೈಗೆ ಸಿಗುವುದು ಅರ್ಧ ಗಂಟೆ. ಪಕ್ಷ ಯಾವುದೇ ಇರಲಿ, ಹತ್ತು ನಿಮಿಷ ಮಾತನಾಡಲು ಬಿಡಿ. ಉಳಿದ ಇಪ್ಪತ್ತು ನಿಮಿಷ ನೀರು, ಶಾಲೆ, ಆಸ್ಪತ್ರೆಯ ಲೆಕ್ಕ ಕೇಳಿ. ಬೇವರಿಳಿಸುವ ಪ್ರಶ್ನೆಯನ್ನೇ ಕೇಳಿ.

ನನ್ನ ಮಾತು ಮುಗಿಯಿತು. ಒಪ್ಪದವರು ಮೊದಲು ಮಾತನಾಡಲಿ. ಮೈಕನ್ನು ಹಿಂದೆ ಕುಳಿತಿರುವ ಸಹೋದರಿಯರ ಕಡೆಗೂ ಕಳುಹಿಸಿ.