ಹಸ್ತಪ್ರತಿ ಒಂದು, ಅಚ್ಚು ಇನ್ನೊಂದು ಆಗದಿರಲಿ!



ನಾನು ಪಿಯುಸಿವರೆಗೆ ಓದಿ ಅಚ್ಚುಕೂಟ ನಡೆಸುವವನು. ಕಂಪ್ಯೂಟರ್ ತಂತ್ರಾಂಶದ ಮಾತು ಇವನಿಗೇಕೆ ಎಂದು ನೀವು ಕೇಳಬಹುದು. ಇದು ಅಚ್ಚಿನ ವಿಷಯವೇ, ಅದಕ್ಕೇ ಮಾತಾಡುತ್ತಿದ್ದೇನೆ.

ಲೇಖಕ ಹಸ್ತಪ್ರತಿ ಕೊಡುತ್ತಾನೆ. ನಿಮ್ಮ ಕೈಗೆ ಬರುವುದು ಅಚ್ಚಾದ ಪುಸ್ತಕ. ನಡುವೆ ಪ್ರೆಸ್ಸಿನಲ್ಲಿ ಯಾರೋ ಒಂದು ಸಾಲು ತೂರಿಸಿದರೆ? ಹಸ್ತಪ್ರತಿ ಶುದ್ಧವಾಗಿಯೇ ಇರುತ್ತದೆ, ಕೆಡುವುದು ಪುಸ್ತಕ! ತಂತ್ರಾಂಶದ ಕಥೆಯೂ ಇದೇ. ಮನುಷ್ಯ ಬರೆಯುವುದು ಓದಲು ಬರುವ ಸೋರ್ಸ್ ಕೋಡ್. ಕಂಪೈಲರ್ ಅದನ್ನು ಪ್ರೊಸೆಸರ್‌ಗೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ಕಡತ ಮಾಡುತ್ತದೆ. ಈ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ನಿಮ್ಮ ಫೋನಿಗೆ, ನಿಮ್ಮ ಬ್ಯಾಂಕಿಗೆ ಬರುವುದು ಆ ಕಡತ.

ಇದು ಬರೀ ಊಹೆಯೇ? ಅಲ್ಲ! 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಹಗರಣ ಬಯಲಾಯಿತು. ಕಳ್ಳರು ಬಿಲ್ಡ್ ಮಾಡುವ ಯಂತ್ರದೊಳಗೇ ಹೊಕ್ಕಿದ್ದರು. ಬಿಲ್ಡ್ ಶುರುವಾದೊಡನೆ ಅವರ ಪ್ರೋಗ್ರಾಂ ಒಂದು ಸೋರ್ಸ್ ಫೈಲನ್ನು ಬದಲಿಸುತ್ತಿತ್ತು, ಮುಗಿದೊಡನೆ ಮೊದಲಿನದನ್ನೇ ಇಡುತ್ತಿತ್ತು. ಕಂಪನಿಯ ಸಹಿಯೊಡನೆಯೇ ಆ ವಿಷ ಸುಮಾರು 18,000 ಗ್ರಾಹಕರ ಬಾಗಿಲಿಗೆ ಹೋಯಿತು. ಅಮೆರಿಕದ ಹಣಕಾಸು ಇಲಾಖೆಗೂ ಕನ್ನ ಬಿತ್ತು!

ಇದಕ್ಕೆ ಮದ್ದೇನು? ಒಂದೇ ಹಸ್ತಪ್ರತಿಯನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಪ್ರೆಸ್ಸಿಗೆ ಕೊಡಿ. ಎರಡು ಪ್ರತಿಗಳೂ ಚುಕ್ಕೆಗೆ ಚುಕ್ಕೆ ಒಂದೇ ಆಗಿರಬೇಕು. ಬೇರೆಯಾದರೆ ಎಲ್ಲಿ, ಏಕೆ ಎಂದು ಹುಡುಕಬೇಕು. ಇದನ್ನೇ ರಿಪ್ರೊಡ್ಯೂಸಿಬಲ್ ಬಿಲ್ಡ್ ಎನ್ನುತ್ತಾರೆ. ಯಾರು, ಎಲ್ಲಿ, ಎಷ್ಟು ಸಲ ಮಾಡಿದರೂ ಅದೇ ಫಲ ಬರುವ ಬಿಲ್ಡ್.

ಹೇಳುವುದು ಸುಲಭ, ಮಾಡುವುದು ಕಷ್ಟ. ಕಳ್ಳನಿಲ್ಲದಿದ್ದರೂ ಎರಡು ಬಿಲ್ಡ್‌ಗಳು ಬೇರೆಯಾಗುತ್ತವೆ. ಒಂದು ಯಂತ್ರ ತನ್ನ ಗಡಿಯಾರದ ವೇಳೆಯನ್ನು ಕಡತದೊಳಗೆ ಬರೆಯುತ್ತದೆ, ಇನ್ನೊಂದು ತನ್ನ ಫೋಲ್ಡರಿನ ಹೆಸರನ್ನು. ಫೈಲುಗಳನ್ನು ಜೋಡಿಸುವ ಕ್ರಮವೂ ಬದಲಾಗುತ್ತದೆ. ಒಂದೊಂದನ್ನೇ ಹುಡುಕಿ ತಿದ್ದಬೇಕು. ವೇಳೆಯ ಕಾಟಕ್ಕೆ ಒಂದು ಉಪಾಯ ಹೂಡಿದ್ದಾರೆ. ಗಡಿಯಾರ ನೋಡದೆ, ಸೋರ್ಸ್ ಕೊನೆಯದಾಗಿ ಬದಲಾದ ದಿನಾಂಕವನ್ನೇ ಎಲ್ಲ ಕಡೆ ಬಳಸುವುದು.

ಡೆಬಿಯನ್ ಎಂಬ ಸ್ವಯಂಸೇವಕರ ಬಳಗ 2013ರಿಂದ ಈ ಕೆಲಸಕ್ಕೆ ಬೆವರು ಸುರಿಸಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಏಳು ಬಗೆಯ ಪ್ರೊಸೆಸರ್‌ಗಳಿಗೆ ದೊರೆಯುತ್ತದೆ. ಇಂಟೆಲ್ ಮಾದರಿ, ಫೋನುಗಳಲ್ಲಿರುವ ಆರ್ಮ್, ಐಬಿಎಂನ ದೊಡ್ಡ ಯಂತ್ರಗಳು, ಹೊಸದಾಗಿ ರಿಸ್ಕ್-ಫೈವ್. ಸಾವಿರಾರು ಪ್ಯಾಕೇಜುಗಳನ್ನು ಇಷ್ಟು ಬಗೆಯಲ್ಲಿ ಕೈಯಿಂದ ಮಾಡಲಾದೀತೇ? ಹೊಸ ಸೋರ್ಸ್ ಬಂದೊಡನೆ ಯಂತ್ರಗಳು ತಾವಾಗಿಯೇ ಬಿಲ್ಡ್ ಮಾಡುತ್ತವೆ. ಪರೀಕ್ಷೆಗೆಂದು ಅದೇ ಪ್ಯಾಕೇಜನ್ನು ಎರಡು ಸಲ ಬಿಲ್ಡ್ ಮಾಡುವ ಏರ್ಪಾಟು ಬೇರೆ ಇದೆ. ಎರಡನೆಯ ಸಲ ಗಡಿಯಾರ, ಯಂತ್ರದ ಹೆಸರು, ಭಾಷೆ ಎಲ್ಲವನ್ನೂ ಬೇಕೆಂದೇ ಬದಲಿಸುತ್ತಾರೆ. ಆಗಲೂ ಫಲ ಒಂದೇ ಬಂದರೆ ಪಾಸು!

ಒಂದು ಮಾತು ನೆನಪಿಡಿ. ಆರ್ಮ್ ಕಡತವೂ ಇಂಟೆಲ್ ಕಡತವೂ ಒಂದೇ ಆಗಲಾರವು. ಕನ್ನಡದ ಪುಸ್ತಕವನ್ನು ತಮಿಳು ಪುಸ್ತಕದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಲಾಗದು. ಆರ್ಮನ್ನು ಆರ್ಮ್ ಜೊತೆ, ಇಂಟೆಲ್ಲನ್ನು ಇಂಟೆಲ್ ಜೊತೆ ಹೋಲಿಸಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್‌ಗೂ ಇದೇ ನ್ಯಾಯ. ಟಾರ್ ಬ್ರೌಸರ್ ಬಳಗದವರು ಲಿನಕ್ಸ್ ಯಂತ್ರದಲ್ಲಿ ಕೂತೇ ಈ ಮೂರಕ್ಕೂ ಬಿಲ್ಡ್ ಮಾಡುತ್ತಾರೆ. ಬೇರೆ ಬೇರೆ ಜನ ಬಿಲ್ಡ್ ಮಾಡಿ ಅದರ ಬೆರಳಚ್ಚು ಹೋಲಿಸುತ್ತಾರೆ. 64 ಅಂಕಿ-ಅಕ್ಷರಗಳ ಈ ಬೆರಳಚ್ಚು, ಕಡತದ ಒಂದು ಬಿಟ್ ಬದಲಾದರೂ ಪೂರಾ ಬೇರೆಯಾಗುತ್ತದೆ.

ಇದೇ ಸರ್ವರೋಗಕ್ಕೂ ಮದ್ದೇ? ಅಲ್ಲ. ಹಸ್ತಪ್ರತಿಯಲ್ಲೇ ವಿಷವಿದ್ದರೆ ಎರಡು ಪ್ರೆಸ್ಸೂ ವಿಷವನ್ನೇ ಅಚ್ಚು ಹಾಕುತ್ತವೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ತಂತ್ರಾಂಶದ ಬಿಡುಗಡೆಯಾದ ಸೋರ್ಸ್ ಕಟ್ಟಿನೊಳಗೇ ಹಿಂಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರೆಯುಂಡ್ ಅದನ್ನು ಹಿಡಿದರು. ಪ್ರೂಫ್ ಓದುವ ಕಣ್ಣು ಯಾವತ್ತೂ ಬೇಕು.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಗುಬ್ಬಿ, ನವಿಲು ಎಂಬ ನಮ್ಮ ಕನ್ನಡ ಅಕ್ಷರಗಳೂ ಡೆಬಿಯನ್ ಭಂಡಾರದಲ್ಲಿವೆ. ನಮ್ಮ ತೆರಿಗೆ ದುಡ್ಡಿನಲ್ಲಿ ತಂತ್ರಾಂಶ ಮಾಡಿಸುವ ಯಾವ ಇಲಾಖೆಯನ್ನಾದರೂ ನೀವು ಕೇಳಬೇಕಾದ ಪ್ರಶ್ನೆ ಎರಡು. ಸೋರ್ಸ್ ಕೋಡ್ ಎಲ್ಲಿದೆ? ಅದರಿಂದ ಇದೇ ಕಡತವನ್ನು ನಾವೂ ಬಿಲ್ಡ್ ಮಾಡಿ ನೋಡಬಹುದೇ? ಉತ್ತರ ಬರುವವರೆಗೂ ಕೇಳುತ್ತಲೇ ಇರಿ!