ಲ್ಯಾಪ್‌ಟಾಪ್ ನಿಮ್ಮದೇ, ಕೀಲಿ ಯಾರ ಕೈಯಲ್ಲಿದೆ?



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದಿಲ್ಲಿ ವಿಮಾನ ಹತ್ತಿದರು ಅನ್ನೋದನ್ನ ನಾಳೆ ನೋಡೋಣ. ಇವತ್ತು ನೋಟ್‌ಬುಕ್ ಬಗ್ಗೆ ಮಾತಾಡ್ತೀನಿ. ಯಾವ ನೋಟ್‌ಬುಕ್ಕು? ಈಗ ಎರಡು ಇವೆಯಲ್ಲ. ಒಂದು, ನಾವು ನೀವು ಮೊಳೆ ಮಸಿ ಮಾಡಿಕೊಂಡು ಬರೆದ ಇನ್ನೂರು ಪುಟದ್ದು. ಇನ್ನೊಂದು, ತೊಡೆ ಮೇಲೆ ಇಟ್ಟುಕೊಂಡು ಕುಟ್ಟೋದು. ಕಂಪ್ಯೂಟರ್ ಮಾರೋರು ಅದನ್ನೂ ನೋಟ್‌ಬುಕ್ ಅಂತಲೇ ಕರೀತಾರೆ.

2025ರ ಸೆಪ್ಟೆಂಬರ್ 22ರಿಂದ ಪೇಪರ್ ನೋಟ್‌ಬುಕ್ ಮೇಲಿನ ಜಿಎಸ್‌ಟಿ ಶೂನ್ಯ. ಒಳ್ಳೇದಾಯ್ತು. ಕಂಪ್ಯೂಟರ್ ನೋಟ್‌ಬುಕ್ ಮೇಲೆ? ಮೊದಲೂ ಶೇಕಡಾ 18, ಈಗಲೂ ಶೇಕಡಾ 18. ನಲವತ್ತು ಸಾವಿರದ ಲ್ಯಾಪ್‌ಟಾಪ್ ತಗೊಂಡ್ರೆ ಅದರಲ್ಲಿ ಆರು ಸಾವಿರಕ್ಕಿಂತ ಜಾಸ್ತಿ ತೆರಿಗೆಯೇ. ಡಿಗ್ರಿ ಓದೋ ಹುಡುಗಿಗೆ ಇವತ್ತು ಎರಡೂ ಬೇಕು. ಒಂದು ಓದಿನ ಸಾಮಾನು, ಇನ್ನೊಂದು ಐಷಾರಾಮ ಅನ್ನೋ ಕಾಲ ಹೋಯ್ತು.

ಆದರೆ ನನ್ನ ಮಾತು ತೆರಿಗೆ ಬಗ್ಗೆ ಅಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲೂ ಆ ಲ್ಯಾಪ್‌ಟಾಪ್ ನಿಮ್ಮದಾಗಿರುತ್ತಾ ಅನ್ನೋದು ನನ್ನ ಪ್ರಶ್ನೆ.

ಮೊದಲು ನನ್ನ ಮುಖಕ್ಕೆ ನಾನೇ ಕನ್ನಡಿ ಹಿಡೀತೀನಿ. ಮೂರು ವರ್ಷದ ಹಿಂದೆ ಒಂದು ಲ್ಯಾಪ್‌ಟಾಪ್ ತಗೊಂಡೆ. ಡಬ್ಬಿ ಬಿಚ್ಚಿದ್ದು ನಾನಲ್ಲ. ಪರಿಚಯದ ಒಬ್ಬ ಹುಡುಗನಿಗೆ ಕೊಟ್ಟು "ಎಲ್ಲಾ ರೆಡಿ ಮಾಡಿ ಕೊಡಪ್ಪಾ" ಅಂದೆ. ಅರ್ಧ ಗಂಟೇಲಿ ಕೊಟ್ಟ. ನಾನು ಖುಷಿಯಾಗಿ ಬಳಸಿದೆ. ಒಂದಿನ ಬೆಳಗ್ಗೆ ಆನ್ ಮಾಡಿದ್ರೆ ನೀಲಿ ಪರದೆ. 48 ಅಂಕಿಗಳ ಕೀಲಿ ಹಾಕಿ ಅಂತ ಕೇಳ್ತಿದೆ. ಎಲ್ಲಿಂದ ತರಲಿ? ಆಮೇಲೆ ಗೊತ್ತಾಯ್ತು. ಆ ಹುಡುಗ ಅವತ್ತು ತನ್ನದೇ ಒಂದು ಇ-ಮೇಲ್ ಹಾಕಿ ಖಾತೆ ತೆರೆದಿದ್ದ. ಕೀಲಿ ಆ ಖಾತೆಯೊಳಗೆ. ಅವನ ಫೋನ್ ನಂಬರ್ ಬದಲಾಗಿತ್ತು, ಪಾಸ್‌ವರ್ಡ್ ಅವನಿಗೇ ನೆನಪಿಲ್ಲ. ನಾನು ಬರೆದಿಟ್ಟ ಟಿಪ್ಪಣಿಗಳು, ಸಂದರ್ಶನದ ಪ್ರಶ್ನೆಗಳು, ತೀರಿಕೊಂಡ ಗೆಳೆಯನೊಬ್ಬನ ಫೋಟೋಗಳು, ಎಲ್ಲಾ ಒಳಗೇ ಉಳಿದುವು. ಮನೆ ನನ್ನದು, ಬೀಗ ನನ್ನದು, ಕೀಲಿ ಮಾತ್ರ ಬೇರೆಯವರ ಜೇಬಲ್ಲಿ. ತಪ್ಪು ಅವನದಲ್ಲ ಸ್ವಾಮಿ, ನನ್ನದು. ಹೊಸ ಸಾಮಾನು ಅಂದ್ರೆ ಏನು ಅಂತ ಕೂತು ನೋಡದ ಸೋಮಾರಿತನ ನನ್ನದು.

ಹಾಗಾಗಿ ಈ ಸಲ ನಾನೇ ಹೋದೆ, ಬೊಮ್ಮನಹಳ್ಳಿಯ ಒಂದು ಕಂಪ್ಯೂಟರ್ ಅಂಗಡಿಗೆ.

ಬೊಮ್ಮನಹಳ್ಳಿ ಗೊತ್ತಲ್ಲ ನಿಮಗೆ? ಗೊತ್ತಿಲ್ಲದೇ ಏನು, ಟ್ರಾಫಿಕ್ ಸುದ್ದಿ ಓದುವಾಗೆಲ್ಲ ಹೆಸರು ಹೇಳ್ತೀವಿ. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಆಯ್ತು, ಹೆಚ್ಚೂಕಮ್ಮಿ ಹತ್ತು ಕಿಲೋಮೀಟರ್. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡವರು ಅದರ ಮೇಲೆ ಹೋಗ್ತಾರೆ. ಕೆಳಗಡೆ ಹೊಸೂರು ರಸ್ತೆಯಲ್ಲಿ, ಊಟದ ಡಬ್ಬಿಯ ಬ್ಯಾಗ್ ಹಿಡ್ಕೊಂಡು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಡೀತಾರೆ. 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಬಂದಿದೆ, ಬೊಮ್ಮನಹಳ್ಳಿಯಲ್ಲೂ ನಿಲ್ಲುತ್ತೆ. ಆದರೂ ಮೇಲಿನ ರಸ್ತೆ, ಕೆಳಗಿನ ರಸ್ತೆ ಅನ್ನೋದು ಇದ್ದೇ ಇದೆ.

ಅಂಗಡೀಲಿ ನನ್ನ ಮುಂದೆ ಒಬ್ಬ ತಾಯಿ, ಜೊತೆಗೆ ಮಗಳು. ಮಗಳು ಬಿ.ಕಾಂ. ಓದ್ತಿದಾಳೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ತಾಯಿ ಹದಿನಾರು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನನ್ನ ಗುರುತು ಹಿಡಿದರು. "ನೀವು ಟೀವೀಲಿ ಬರ್ತೀರಲ್ವಾ ಸಾರ್?" ಅಂದ್ರು. ಮಾತಿಗೆ ಮಾತು ಬೆಳೀತು. ದುಡ್ಡು ಹೇಗೆ ಹೊಂದಿಸಿದ್ರಿ ಅಂತ ಕೇಳಿದೆ. "ಪಿಎಫ್‌ದು ಸಾರ್. ಮಗಳ ಓದಿಗೆ ಅಂತ ಅಡ್ವಾನ್ಸ್ ತೆಗೆದೆ" ಅಂದ್ರು.

ಪಿಎಫ್ ಅಂದ ತಕ್ಷಣ ನನಗೆ 2016ರ ಏಪ್ರಿಲ್ ನೆನಪಾಯ್ತು. ನಿಮಗೂ ನೆನಪಿರಬಹುದು. ಕಂಪನಿಯವರು ಕಟ್ಟಿದ ಪಿಎಫ್ ಪಾಲನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18ಕ್ಕೆ ಇದೇ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಫ್ಯಾಕ್ಟರಿಯಿಂದ ಎದ್ದು ಬಂದು ಹೊಸೂರು ರಸ್ತೆ ಮೇಲೆ ಕೂತುಬಿಟ್ಟರು. ದೊಡ್ಡ ನಾಯಕರು ಯಾರೂ ಇರಲಿಲ್ಲ. ಮಾರನೇ ದಿನ ನಗರದ ಬೇರೆ ಕಡೆಗಳಿಗೂ ಹಬ್ಬಿತು, ಲಾಠಿ, ಅಶ್ರುವಾಯು ಎಲ್ಲಾ ಆಯ್ತು. 19ರ ಸಂಜೆ ಹೊತ್ತಿಗೆ ದಿಲ್ಲಿ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಳ್ತು. ಎರಡೇ ದಿನ! ಅವತ್ತು ನಾನು ಸ್ಟುಡಿಯೋದಲ್ಲಿ ಕೂತು ಮೊದಲು ಹೇಳಿದ್ದೇನು ಗೊತ್ತಾ? "ಹೊಸೂರು ರಸ್ತೆಯಲ್ಲಿ ಭಾರಿ ಟ್ರಾಫಿಕ್ ಜಾಮ್." ಯಾಕೆ ಕೂತಿದ್ದಾರೆ ಅನ್ನೋದು ಆಮೇಲೆ ಬಂತು.

"ಅವತ್ತು ನಾನೂ ಕೂತಿದ್ದೆ ಸಾರ್, ಇಲ್ಲೇ" ಅಂದ್ರು ಆ ತಾಯಿ, ಕೈ ತೋರಿಸಿ. ಅಂದ್ರೆ ಆ ಲ್ಯಾಪ್‌ಟಾಪ್ ನಲವತ್ತು ಸಾವಿರದ್ದು ಮಾತ್ರ ಅಲ್ಲ ವೀಕ್ಷಕರೇ. ಹದಿನಾರು ವರ್ಷದ ಹೊಲಿಗೆ, ಎರಡು ದಿನದ ಬಿಸಿಲು, ಎಲ್ಲಾ ಅದರೊಳಗಿದೆ.

ಈಗ ಕೇಳಿ ಮುಂದೆ ಏನಾಯ್ತು ಅಂತ.

ಅಂಗಡಿ ಹುಡುಗ ಡಬ್ಬಿ ಬಿಚ್ಚಿದ. ಆನ್ ಮಾಡಿದ. ಪರದೆ ಮೇಲೆ ಒಂದಾದ ಮೇಲೊಂದು ಪ್ರಶ್ನೆ, ಎಲ್ಲಾ ಇಂಗ್ಲಿಷ್. ಹುಡುಗ ಪಟಪಟ ಅಂತ ನೆಕ್ಸ್ಟ್, ನೆಕ್ಸ್ಟ್, ಅಕ್ಸೆಪ್ಟ್ ಒತ್ತುತ್ತಾ ಹೋದ. ಇ-ಮೇಲ್ ಕೇಳ್ತು. ತನ್ನದೇ ಹಾಕೋಕೆ ಶುರು ಮಾಡಿದ. ನನಗೆ ನನ್ನ ನೀಲಿ ಪರದೆ ಕಣ್ಣ ಮುಂದೆ ಬಂತು. "ತಡಿಯಪ್ಪಾ" ಅಂದೆ. ಅವನದೇನೂ ಕೆಟ್ಟ ಬುದ್ಧಿ ಇಲ್ಲ, ಹಿಂದೆ ನಾಲ್ಕು ಜನ ಗಿರಾಕಿ ಕಾಯ್ತಿದಾರೆ, ಬೇಗ ಮುಗೀಲಿ ಅಂತ. ಅಷ್ಟರಲ್ಲಿ ಮಗಳು ಮೆಲ್ಲಗೆ ಕೇಳಿದಳು, "ಅಣ್ಣಾ, ಇದರಲ್ಲಿ ಕನ್ನಡ ಬರುತ್ತಾ?" ಅವನು ತಲೆ ಎತ್ತದೇ ಹೇಳಿದ, "ಬರಲ್ಲಮ್ಮ. ಅದಕ್ಕೆ ಬೇರೆ ಸಾಫ್ಟ್‌ವೇರ್ ಹಾಕಬೇಕು. ಐನೂರು ಆಗುತ್ತೆ."

ನವೆಂಬರ್ ತಿಂಗಳು ಸ್ವಾಮಿ! ಅಂಗಡಿ ಹೊರಗಡೆ ಹಳದಿ ಕೆಂಪು ಬಾವುಟ ಹಾರಾಡ್ತಿದೆ. ಒಳಗಡೆ ಕನ್ನಡಕ್ಕೆ ಐನೂರು ರೂಪಾಯಿ.

ನಾನು ಬೈಯ್ಯೋಕೆ ಬಾಯಿ ತೆಗೆದೆ. ತಾಯಿ ನನ್ನನ್ನೇ ಸುಮ್ಮನಿರಿಸಿದರು. ಮಗಳಿಗೆ ಹೇಳಿದರು: "ನೋಡವ್ವಾ, ನಮ್ಮ ಲೈನಿಗೆ ಹೊಸ ಮಷೀನ್ ಬಂದ್ರೆ ನಾವು ನೇರ ಒಳ್ಳೇ ಬಟ್ಟೆ ಮೇಲೆ ಹೊಲಿಯಲ್ಲ. ಮೊದಲು ವೇಸ್ಟ್ ಪೀಸ್ ಮೇಲೆ ನಾಲ್ಕು ಗೆರೆ ಹೊಲಿದು ನೋಡ್ತೀವಿ. ದಾರ ಎಲ್ಲಿ ಹೋಗುತ್ತೆ, ಎಲ್ಲಿ ನಿಲ್ಲಿಸಬೇಕು, ಕೈ ಎಲ್ಲಿ ಇಡಬಾರದು, ಎಲ್ಲಾ ಗೊತ್ತಾದ ಮೇಲೆ ಪೀಸು. ನೀನೇ ಕೂತ್ಕೋ. ನೀನೇ ಒತ್ತು."

ನನ್ನ ಇಷ್ಟು ವರ್ಷದ ಪತ್ರಿಕೋದ್ಯಮದಲ್ಲಿ ಹೊಸ ಕಂಪ್ಯೂಟರ್ ಬಗ್ಗೆ ಇದಕ್ಕಿಂತ ಒಳ್ಳೇ ಪಾಠ ನಾನು ಕೇಳಿಲ್ಲ.

ಮಗಳು ಕೂತಳು. ಅವಳ ಫೋನಲ್ಲೇ ಜಿಮೇಲ್ ಇತ್ತು. ಅದರಿಂದಲೇ ಅವಳ ಹೆಸರಲ್ಲಿ ಖಾತೆ ಆಯ್ತು. ಪಾಸ್‌ವರ್ಡ್ ಅವಳೇ ಹಾಕಿದಳು, ನಾವೆಲ್ಲ ಆ ಕಡೆ ತಿರುಗಿ ನಿಂತ್ವಿ. ಆಮೇಲೆ ಸೆಟ್ಟಿಂಗ್ಸ್. ಅಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್. ಅದರೊಳಗೆ ಲ್ಯಾಂಗ್ವೇಜ್ ಅಂಡ್ ರೀಜನ್. ಆಡ್ ಎ ಲ್ಯಾಂಗ್ವೇಜ್ ಒತ್ತಿ ಹುಡುಕಿದ್ರೆ ಕನ್ನಡ ಅಲ್ಲೇ ಕೂತಿದೆ! ಐನೂರಲ್ಲ, ಐದು ಪೈಸೆ ಕೂಡ ಇಲ್ಲ. ವಿಂಡೋಸ್‌ನಲ್ಲಿ 2019ರಿಂದ ಕನ್ನಡ ಫೊನೆಟಿಕ್ ಅಂತ ಕೀಲಿಮಣೆ ಇದೆ. ಫೋನಲ್ಲಿ ಮೆಸೇಜ್ ಮಾಡೋ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಕುಟ್ಟಿದ್ರೆ ಕನ್ನಡ ಮೂಡುತ್ತೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿದ್ರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದ್ರೆ ವಾಪಸ್ ಇಂಗ್ಲಿಷಿಗೆ. ಅಷ್ಟೇ.

ಅವಳು ಮೊದಲು ಕುಟ್ಟಿದ ಪದ "ಅಮ್ಮ". ತಾಯಿ ಬಗ್ಗಿ ನೋಡಿದರು. ಅಂಗಡಿ ಹುಡುಗನೂ ಬಗ್ಗಿ ನೋಡಿದ. "ಇದು ನಂಗೇ ಗೊತ್ತಿರಲಿಲ್ಲ ಸರ್" ಅಂದ. ನಿಜ ಹೇಳ್ತೀನಿ, ಕಳೆದ ವರ್ಷದ ತನಕ ನನಗೂ ಗೊತ್ತಿರಲಿಲ್ಲ.

ಇದು ಸುಮ್ಮನೆ ಬಂದದ್ದಲ್ಲ ವೀಕ್ಷಕರೇ. ಕಂಪ್ಯೂಟರಿಗೆ ಕನ್ನಡ ಕಲಿಸೋಕೆ ನಮ್ಮವರು ಎಷ್ಟು ವರ್ಷ ಒದ್ದಾಡಿದ್ದಾರೆ. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದೋ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ಅದೇ ದಾರಿಯಲ್ಲಿ ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶ ತಂತು. ಅದರಲ್ಲಿ ಎಫ್ ಕೀ ಒತ್ತಿದ್ರೆ ಒತ್ತಕ್ಷರ. ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದು ಸಲ ಕುಟ್ಟಿದ್ರೆ "ಕನ್ನಡ". ನಮ್ಮ ವರ್ಣಮಾಲೆಯ ಲೆಕ್ಕ ಎಷ್ಟು ಚೊಕ್ಕ ನೋಡಿ! 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ದೇಶ ಬಿಟ್ಟು ಹೋದವರೂ ಅದರಲ್ಲಿ ಕನ್ನಡ ಬರೆದರು. ಆಮೇಲೆ ಯೂನಿಕೋಡ್ ಬಳಕೆಗೆ ಬಂತು, ಇಲ್ಲಿ ಬರೆದದ್ದು ಅಮೆರಿಕದ ಕಂಪ್ಯೂಟರಲ್ಲೂ ಹಾಗೇ ಕಾಣೋ ಹಾಗಾಯ್ತು. ಇಷ್ಟೆಲ್ಲಾ ಆಗಿ ಕನ್ನಡ ಡಬ್ಬಿಯೊಳಗೆ ಬಂದು ಕೂತಿದೆ. ಆದರೆ ಡಬ್ಬಿ ಮಾರೋನಿಗೂ ಗೊತ್ತಿಲ್ಲ, ಕೊಳ್ಳೋಳಿಗೂ ಗೊತ್ತಿಲ್ಲ. ಅಡುಗೆ ಮಾಡಿಟ್ಟು ಬಡಿಸೋರು ಇಲ್ಲದ ಹಾಗಾಯ್ತು.

ಇನ್ನೊಂದು ಸಂಗತಿ. ಆ ಅಂಗಡಿಯಿಂದ ಕೆಲವು ಮೆಟ್ರೋ ನಿಲ್ದಾಣ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಅದನ್ನ ಕಟ್ಟಿದ್ದು ಯಾರು? ಖಾಸಗಿ ಕಂಪನಿ ಅಲ್ಲ. ನಮ್ಮ ರಾಜ್ಯ ಸರ್ಕಾರದ ಕಿಯೋನಿಕ್ಸ್. ಆರ್.ಕೆ. ಬಾಳಿಗಾ ಅನ್ನೋ ದೊಡ್ಡ ಮನುಷ್ಯ ಕನಸು ಕಂಡರು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾಯ್ತು. ಜನರ ದುಡ್ಡಲ್ಲಿ, ಹಳ್ಳಿ ಜನರ ನೆಲದಲ್ಲಿ. ಅಲ್ಲಿಂದ ಇಡೀ ಜಗತ್ತಿಗೆ ಸಾಫ್ಟ್‌ವೇರ್ ಹೋಗುತ್ತೆ. ಬೊಮ್ಮನಹಳ್ಳಿಯ ಹುಡುಗಿಗೆ ಲ್ಯಾಪ್‌ಟಾಪ್ ಆನ್ ಮಾಡೋದನ್ನ ಹೇಳಿಕೊಡೋಕೆ ಒಂದು ಗಂಟೆ ಬಿಡುವು ಯಾರಿಗೂ ಇಲ್ಲ. ಇದಕ್ಕೆ ಏನನ್ನೋಣ?

ಕಾಲೇಜುಗಳನ್ನ ಕೇಳ್ತೀನಿ. ಅಸೈನ್‌ಮೆಂಟ್ ಕಂಪ್ಯೂಟರಲ್ಲೇ ಮಾಡಿ ತನ್ನಿ ಅಂತೀರಿ. ಮೊದಲ ವಾರದಲ್ಲಿ ಒಂದು ಗಂಟೆ, ಒಂದೇ ಗಂಟೆ, ಕನ್ನಡದಲ್ಲಿ ಹೇಳಿಕೊಡೋಕೆ ಏನು ಕಷ್ಟ? ಅಂಗಡಿಯವರಿಗೆ ಕೈಮುಗಿದು ಕೇಳ್ತೀನಿ. ಬಿಲ್ ಜೊತೆ ಕನ್ನಡದಲ್ಲಿ ಒಂದು ಪುಟದ ಚೀಟಿ ಕೊಡಿ. ಖಾತೆ ಗಿರಾಕಿ ಹೆಸರಲ್ಲೇ ತೆರೆಸಿ. ಸರ್ಕಾರವನ್ನೂ ಕೇಳ್ತೀನಿ. ಮಕ್ಕಳಿಗೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಹಂಚಿ ಫೋಟೋ ತೆಗೆಸ್ಕೊಳ್ತೀರಲ್ಲ, ಕನ್ನಡ ಕೀಲಿಮಣೆ ಆನ್ ಮಾಡಿ ಹಂಚಿ.

ಇನ್ನು ನಿಮಗೆ, ಮನೇಲಿ ಕೂತು ನೋಡ್ತಿರೋರಿಗೆ. ಹೊಸ ಲ್ಯಾಪ್‌ಟಾಪ್ ತರ್ತೀರಾ? ಮೊದಲನೇ ದಿನ ಅವಸರ ಬೇಡ. ಖಾತೆ ನಿಮ್ಮದೇ ಇ-ಮೇಲ್, ನಿಮ್ಮದೇ ಫೋನ್ ನಂಬರ್. ಈಗ ಬರೋ ಎಷ್ಟೋ ಲ್ಯಾಪ್‌ಟಾಪ್‌ಗಳು ಒಳಗಿನ ಮಾಹಿತಿಗೆ ತಾವೇ ಬೀಗ ಹಾಕ್ಕೊಳ್ತವೆ. ಕಳ್ಳರ ಕೈಗೆ ಸಿಕ್ಕರೂ ತೆರೆಯಬಾರದು ಅಂತ. ಒಳ್ಳೇದೇ. ಆದರೆ ಆ 48 ಅಂಕಿಯ ಕೀಲಿಯನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ನೋಡಿ, ಬರೆದಿಟ್ಟುಕೊಳ್ಳಿ. ಎಲ್ಲಿ? ಲ್ಯಾಪ್‌ಟಾಪ್‌ನಲ್ಲೇ ಅಲ್ಲ ಮಾರಾಯ್ರೇ, ಪೇಪರ್ ನೋಟ್‌ಬುಕ್ಕಲ್ಲಿ! ಅದಕ್ಕೆ ಹೇಗೂ ತೆರಿಗೆ ಇಲ್ಲ.

ಪರದೆ ಮೂಲೆಯಲ್ಲಿ "ಆಂಟಿವೈರಸ್ ಮುಗೀತು, ದುಡ್ಡು ಕಟ್ಟಿ" ಅಂತ ಬಂದ್ರೆ ಹೆದರಬೇಡಿ. ವಿಂಡೋಸ್‌ನಲ್ಲೇ ಡಿಫೆಂಡರ್ ಅಂತ ಕಾವಲುಗಾರ ಇದ್ದಾನೆ. ಪತ್ರ, ಲೆಕ್ಕದ ಹಾಳೆ ಮಾಡೋಕೆ ಲಿಬ್ರೆ ಆಫೀಸ್ ಉಚಿತ, ಕದ್ದ ಸಾಫ್ಟ್‌ವೇರ್ ಹಾಕಿಸ್ಕೋಬೇಡಿ. ಮುಖ್ಯವಾದ ಫೈಲು ಎರಡು ಕಡೆ ಇರಲಿ, ಒಂದು ಲ್ಯಾಪ್‌ಟಾಪಲ್ಲಿ, ಇನ್ನೊಂದು ಪೆನ್ ಡ್ರೈವಲ್ಲಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ವಿಂಡೋಸ್ 11 ನಡೆಯುತ್ತಾ ಅಂತ ಕೇಳಿ ತಗೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮತ್ತೆ, ಆ ತಾಯಿ ಹೇಳಿದ ಹಾಗೆ, ಮೊದಲು ವೇಸ್ಟ್ ಪೀಸ್. ಒಂದು ಖಾಲಿ ಫೈಲ್ ತೆರೀರಿ. ಬರೀರಿ, ಅಳಿಸಿ, ಉಳಿಸಿ, ಹುಡುಕಿ. ಒಂದು ತಪ್ಪು ಕೀ ಒತ್ತಿದ ಮಾತ್ರಕ್ಕೆ ಅದೇನೂ ಸುಟ್ಟುಹೋಗಲ್ಲ.

ಅಂಗಡಿಯಿಂದ ಹೊರಡುವಾಗ ಹುಡುಗ ಬ್ಯಾಗ್ ತಂದು ತಾಯಿ ಕೈಗೆ ಕೊಡೋಕೆ ಹೋದ. ಅವರು ತಗೊಳ್ಳಲಿಲ್ಲ. "ಅವಳಿಗೆ ಕೊಡಪ್ಪಾ. ಅವಳದು" ಅಂದ್ರು. ಮಗಳು ಬ್ಯಾಗ್ ಹೆಗಲಿಗೆ ಹಾಕ್ಕೊಂಡಳು. ಇಬ್ಬರೂ ಮೇಲ್ಸೇತುವೆಯ ನೆರಳಲ್ಲೇ ಹೊಸೂರು ರಸ್ತೆ ದಾಟಿ ಹೋದರು. ಆ ಕೆಳಗಿನ ರಸ್ತೆಯಲ್ಲಿ ಅವತ್ತು ಒಂದು ಲ್ಯಾಪ್‌ಟಾಪ್ ಬ್ಯಾಗ್ ನಡೆದು ಹೋಯ್ತು, ಊಟದ ಡಬ್ಬಿಯ ಬ್ಯಾಗಿನ ಪಕ್ಕದಲ್ಲೇ.

ನಿಮ್ಮ ಮನೆಯ ಲ್ಯಾಪ್‌ಟಾಪ್ ಖಾತೆ ಯಾರ ಹೆಸರಲ್ಲಿದೆ? ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಸಲ ನೋಡಿಬಿಡಿ.